ಟ್ಯಾಂಕಿಗೆ ಇಳಿದ ಕರೆಂಟು

ಸುರಪುರದ ಚರಿತ್ರೆ ಬರೆಯುವವರು 1858ರಲ್ಲಿ ಬಂಡೆದ್ದ ರಾಜಾ ವೆಂಕಟಪ್ಪ ನಾಯಕನಿಗೂ ಅವನನ್ನು ಎಳವೆಯಿಂದ ಬಲ್ಲ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನಿಗೂ ಪುಟಗಟ್ಟಲೆ ಜಾಗ ಕೊಡುತ್ತಾರೆ. ಶಹಾಪುರದ ವಿಷಯ ಬಂದರೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ, ಯಾದಗಿರಿಯದಾದರೆ ಕೋಟೆ. ಕೊಡಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಮೂರೂ ಊರುಗಳ ಗ್ಯಾರೇಜುಗಳಿಗೂ ಒಂದು ಚರಿತ್ರೆ ಇದೆ. ಅದನ್ನು ಶಾಸನ, ಕೈಫಿಯತ್ತುಗಳಲ್ಲಿ ಹುಡುಕಬೇಕಿಲ್ಲ. ರಿಪೇರಿಗೆ ಬಂದ ಯಂತ್ರಗಳಿಗೂ ಅವುಗಳನ್ನು ಬದಲಿಸಿದ ಕಾನೂನುಗಳಿಗೂ ಇಸವಿಗಳಿವೆ, ಅವನ್ನು ಸಾಲಾಗಿ ಇಟ್ಟರೆ ಕಸುಬಿನ ನಡೆ ತಾನಾಗಿ ಕಾಣುತ್ತದೆ. ಈ ಕಸುಬಿನ ಬಗ್ಗೆ ಚಾಲ್ತಿಯಲ್ಲಿರುವ ಅಭಿಪ್ರಾಯ ಒಂದೇ: ಹಳೆಯ ಮಿಸ್ತ್ರಿಗಳಿಗೆ ಕರೆಂಟಿನ ಗಂಧವಿರಲಿಲ್ಲ, ಕಂಪ್ಯೂಟರ್ ಗಾಡಿಗಳು ಬಂದೊಡನೆ ಕೈಚೆಲ್ಲಿದರು, ಈಗ ಸ್ಕ್ಯಾನರ್ ಇದ್ದವನೇ ಮಿಸ್ತ್ರಿ. ಗಾಡಿಯ ಫ್ಯೂಯಲ್ ಪಂಪಿಗೆ ಕರೆಂಟ್ ಹೋಗುವ ದಾರಿಯೊಂದನ್ನೇ ಹಿಡಿದು ನೋಡಿದರೂ ಈ ಮಾತು ನಿಲ್ಲುವುದಿಲ್ಲ. ಇಂಧನದ ಕೆಲಸ ಮತ್ತು ಕರೆಂಟಿನ ಕೆಲಸ ಬೇರೆಬೇರೆಯಾಗಿದ್ದುದಕ್ಕೆ ಕಾರಣ ಅಜ್ಞಾನವಲ್ಲ, ಡೀಸೆಲ್ ಯಂತ್ರ. ಅವೆರಡನ್ನು ಮತ್ತೆ ಕೂಡಿಸಿದ್ದು ದೆಹಲಿಯ ಹೊಗೆ ನಿಯಮ. ಕೂಡಿದ ಮೇಲೆ ಉಳಿದು ಬಾಳಿದ್ದು ಹೆಡ್‌ಲೈಟು, ಡೈನಮೊ ನೋಡುತ್ತಿದ್ದ ಎಲೆಕ್ಟ್ರಿಷಿಯನ್ನನ ಹಳೆಯ ಪರೀಕ್ಷಾ ಕ್ರಮವೇ.

ಮೊದಲು ಭೂಗೋಳ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು 1871ರಲ್ಲಿ ರಾಯಚೂರು ಮುಟ್ಟಿತು. ಯಾದಗಿರಿ ಆ ಹಳಿಯ ಮೇಲೆ ಬಂತು. ಶಹಾಪುರ, ಸುರಪುರಗಳು ಭೀಮೆಯ ಆಚೆ, ಭೀಮೆ ಕೃಷ್ಣೆಯರ ನಡುವಿನ ಎರೆನೆಲದಲ್ಲಿ ಉಳಿದವು. ಅಲ್ಲಿಗೆ ಹೋಗುವ ಜನವೂ ಸರಕೂ ರಸ್ತೆಯನ್ನೇ ನಂಬಬೇಕಿತ್ತು. ಈ ಸೀಮೆ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನ 1932ರಲ್ಲಿ ತನ್ನ ರೈಲ್ವೆಯ ಅಂಗವಾಗಿಯೇ ರಸ್ತೆ ಸಾರಿಗೆ ಇಲಾಖೆ ತೆರೆದಾಗ ಅದರ ಬಳಿ ಇದ್ದದ್ದು 27 ಬಸ್ಸು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು, 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮ ಹುಟ್ಟಿತು. ಅಷ್ಟರಲ್ಲಿ ಇಂಧನವೂ ಬದಲಾಗಿತ್ತು: 1954ರಿಂದ ಟಾಟಾ ಕಂಪನಿ ಡೈಮ್ಲರ್ ಬೆಂಜ್ ಜೊತೆ ಸೇರಿ ಡೀಸೆಲ್ ಲಾರಿ ತಯಾರಿಸತೊಡಗಿತು, ಅದಕ್ಕೂ ಮೊದಲೇ, 1951ರಲ್ಲಿ, ಬೆಂಗಳೂರಿನಲ್ಲಿ ಮೈಕೋ ಕಂಪನಿ ಸ್ಥಾಪನೆಯಾಗಿ ಡೀಸೆಲ್ ಪಂಪು ನಮ್ಮ ನಾಡಿನಲ್ಲೇ ಸಿಗುವಂತಾಯಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಆಮೇಲೆ ನಾರಾಯಣಪುರದ ಅಣೆಕಟ್ಟು, ಎಡದಂಡೆ ಕಾಲುವೆ, ಶಹಾಪುರದ ಮಗ್ಗುಲಿಗೆ ಭೀಮರಾಯನಗುಡಿ ಕ್ಯಾಂಪು. ಟಿಪ್ಪರು, ಜೀಪು, ಬುಲ್ಡೋಜರು, ಕಾಲುವೆಗೆ ನೀರು ಬಂದ ಮೇಲೆ ಭತ್ತದ ಗದ್ದೆಗೆ ಟ್ರ್ಯಾಕ್ಟರು. ಬಸ್ಸು, ಲಾರಿ, ಯೋಜನೆಯ ಗಾಡಿ, ಟ್ರ್ಯಾಕ್ಟರು, ಇವುಗಳಲ್ಲಿ ಬಹುಪಾಲಕ್ಕೆ ಕುಡಿಯಲು ಬೇಕಾದದ್ದು ಡೀಸೆಲ್ಲೇ. ಕಾರಿನ ಊರಾದ ಬೆಂಗಳೂರಿನ ಗ್ಯಾರೇಜ್ ಚರಿತ್ರೆಯನ್ನು ಈ ಊರುಗಳಿಗೆ ಹೊದಿಸಿದರೆ ಹೊಂದುವುದಿಲ್ಲ ಎನ್ನುವುದು ಇದಕ್ಕೇ.

ಆ ಕಾಲದ ಡೀಸೆಲ್ ಯಂತ್ರದ ಸ್ವಭಾವವೇ ವಿಚಿತ್ರ. ಎಂಜಿನ್ನಿನ ಗೇರಿನಿಂದಲೇ ತಿರುಗುವ ಪಂಪು, ಅದರ ಮೈಗಂಟಿದ ಫೀಡ್ ಪಂಪು, ಕೈಯಲ್ಲಿ ಒತ್ತುವ ಪ್ರೈಮರು, ಫಿಲ್ಟರು, ನಾಜಲ್ಲು. ಒಮ್ಮೆ ಚಾಲೂ ಆದರೆ ಬ್ಯಾಟರಿ ಕಳಚಿಟ್ಟರೂ ಓಡುತ್ತದೆ. ಸೆಲ್ಫ್ ಕೆಟ್ಟರೆ ನಾಲ್ಕು ಜನ ನೂಕಿದರೆ ಸಾಕು, ನಿಲ್ಲಿಸಲು ಕೇಬಲ್ಲಿನ ಗುಬಟು ಎಳೆದರೆ ಸಾಕು. ಡೀಸೆಲ್ ಬರುತ್ತಿಲ್ಲ ಎಂದರೆ ದೋಷ ಗಾಳಿಯದು, ಕಸದ್ದು, ಸವೆತದ್ದು, ಇವಿಷ್ಟರಲ್ಲಿ ಒಂದು. ವೈರಿನದು ಮಾತ್ರ ಆಗಲಾರದು, ಯಾಕೆಂದರೆ ಅಲ್ಲಿ ವೈರೇ ಇಲ್ಲ. ಹಾಗಾಗಿ ಪಂಪ್ ಮಿಸ್ತ್ರಿ ಏರ್ ಲಾಕ್ ಬಿಡಿಸಿ, ಪಂಪನ್ನು ಬೆಂಚಿನ ಮೇಲೇರಿಸಿ ಅಳತೆ ಕೂಡಿಸುತ್ತಿದ್ದ. ಆಟೊ ಎಲೆಕ್ಟ್ರಿಷಿಯನ್ ಡೈನಮೊ, ಕಟ್‌ಔಟ್, ಸೆಲ್ಫ್, ಹಾರ್ನ್, ಲೈಟುಗಳಿಗೆ ಒಡೆಯ. 1961ರಲ್ಲಿ ಮದರಾಸಿನಲ್ಲಿ ಶುರುವಾದ ಲೂಕಾಸ್ ಟಿವಿಎಸ್ ಅವನಿಗೆ ಬೇಕಾದ ಸಾಮಾನು ಕೊಟ್ಟರೆ ಮೈಕೋ ಪಂಪಿನವನಿಗೆ ಕೊಟ್ಟಿತು. ಇಬ್ಬರ ಅಂಗಡಿ ಬೇರೆ, ಶಾಗಿರ್ದರು ಬೇರೆ, ಎಣ್ಣೆ ಹತ್ತಿದ ಕೈ ಯಾರದು, ಟೇಪು ಸುತ್ತಿದ ಕೈ ಯಾರದು ಎಂದು ನೋಡಿದರೇ ತಿಳಿಯುವಷ್ಟು ಬೇರೆ. ಸರಕಾರದ ಪಾಠಪಟ್ಟಿಯೂ ಇದನ್ನು ಒಪ್ಪಿಕೊಂಡಿತು: ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ಟ್ರೇಡ್, ಗಾಡಿಯ ಎಲೆಕ್ಟ್ರಿಕಲ್ ಕೆಲಸ ಇನ್ನೊಂದು. ಓದಿದವರ ಮಟ್ಟದಲ್ಲೂ ಇದ್ದ ಈ ವಿಭಜನೆಯನ್ನು ಓದದವರ ಅರಿವುಗೇಡಿತನ ಎನ್ನಲು ಬಾರದು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ಹಗುರವಾದುದೇನಲ್ಲ. ಡೀಸೆಲ್ ಬರುವ ಮುಂಚೆ ಪೆಟ್ರೋಲ್ ಗಾಡಿಗಳಿದ್ದವಲ್ಲ? ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಲಾರಿಗಳು ಬಹುಪಾಲು ಪೆಟ್ರೋಲಿನವೇ. ಮಾರಿಸ್ ಮೈನರ್ ಕಾರಿನಲ್ಲಿ, ಅದೇ ಇಲ್ಲಿ ತಯಾರಾಗಿ ಬೇಬಿ ಹಿಂದೂಸ್ತಾನ್ ಆದಾಗಲೂ, ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪಿತ್ತು; ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು. ನಿಜ. ಆದರೆ ಆ ಪಂಪಿನ ರೋಗ ಅದರೊಳಗಿನ ಪಾಯಿಂಟುಗಳು ಕರಕಾಗುವುದು. ಡಿಸ್ಟ್ರಿಬ್ಯೂಟರಿನ ಪಾಯಿಂಟು ಉಜ್ಜುವ ಅದೇ ಮರಳು ಕಾಗದದಿಂದ ಅದನ್ನೂ ಉಜ್ಜಿದರೆ ವಾಸಿ. ಅಂಬಾಸಿಡರ್, ಫಿಯಟ್ಟುಗಳು ಹೆಚ್ಚಿದ ಕಾಲಕ್ಕೆ ಎಂಜಿನ್ನೇ ಒತ್ತುವ ಡಯಾಫ್ರಾಮ್ ಪಂಪು ಊರೂರಿಗೆ ಹಬ್ಬಿತು. ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅದರ ದೊಡ್ಡ ಕಾಯಿಲೆ ಪೆಟ್ರೋಲ್ ಆವಿಯಾಗಿ ಪಂಪಿನಲ್ಲೇ ಗಂಟುಬೀಳುವುದು, ಮದ್ದು ಹಸಿಬಟ್ಟೆ. ಹಾಗಾಗಿ ಮಾರಿಸ್ ಕಾಲದ ಎಲೆಕ್ಟ್ರಿಕ್ ಪಂಪು ನನ್ನ ವಾದವನ್ನು ಕೆಡಿಸುವ ಬದಲು ಗಟ್ಟಿ ಮಾಡುತ್ತದೆ. ಯಂತ್ರ ಕೇಳಿದಾಗ ಕರೆಂಟಿನ ಜ್ಞಾನ ಇಂಧನದ ಹತ್ತಿರ ಬಂದಿತ್ತು, ಕೇಳದಿದ್ದಾಗ ಹಿಂದೆ ಸರಿಯಿತು.

ಮತ್ತೆ ಕೇಳಿದ್ದು ಹೊಗೆಯ ಕಾನೂನು. ಭಾರತ್ ಸ್ಟೇಜ್ ಮೊದಲ ಹಂತ 2000ದಲ್ಲಿ, ಮೂರನೆಯದು 2010ರಲ್ಲಿ, ನಾಲ್ಕನೆಯದು 2017ರಲ್ಲಿ, ಆರನೆಯದು 2020ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂದವು. ಐದನೆಯದನ್ನು ಹಾರಿದ್ದೇ ಒಂದು ತಮಾಷೆ. ಕಾರ್ಬೊರೇಟರ್ ಹೋಗಿ, ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ ಎಂಪಿಎಫ್‌ಐ ಬಂದಾಗ ಪೆಟ್ರೋಲಿಗೆ ಬೇಕಾದ ಒತ್ತಡ ಹತ್ತು ಪಟ್ಟು ಏರಿತು, ಸುಮಾರು 3 ಬಾರ್. ಎಂಜಿನ್ ಒತ್ತುವ ಹಳೆಯ ಡಯಾಫ್ರಾಮಿಗೆ ಅದು ಆಗದ ಕೆಲಸ. ಆದ್ದರಿಂದ ಮೋಟರೊಂದು ಟ್ಯಾಂಕಿನೊಳಗೇ ಇಳಿದು ಪೆಟ್ರೋಲಿನಲ್ಲಿ ಮುಳುಗಿ ಕೂತಿತು. ಡೀಸೆಲ್ಲಿಗೆ ಕರೆಂಟು ಇನ್ನೂ ಮೆಲ್ಲಗೆ ಬಂತು. ಮೊದಲು ತಿರುಗುಪಂಪಿನ ತಲೆಯ ಮೇಲೆ ಒಂದೇ ವೈರಿನ ಸ್ಟಾಪ್ ಸೊಲೆನಾಯ್ಡ್, ಆಮೇಲೆ ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲು, ಸೆನ್ಸರುಗಳು. ಬಿಎಸ್ 6 ಬಂದ ಮೇಲಂತೂ ದಿನನಿತ್ಯದ ಸ್ಪ್ಲೆಂಡರ್ ಬೈಕಿನ ಟ್ಯಾಂಕಿನಲ್ಲೂ ಎಲೆಕ್ಟ್ರಿಕ್ ಪಂಪು. ಯಾದಗಿರಿ 2009ರ ಕೊನೆಗೆ ಜಿಲ್ಲೆಯಾಯಿತು. ಕೆಎ 33 ಎಂದು ನಂಬರು ಹಾಕಿಸಿಕೊಂಡು ಬಂದ ಗಾಡಿಗಳ ಪೀಳಿಗೆ ಹೆಚ್ಚುಕಡಿಮೆ ಇದೇ ಬದಲಾವಣೆಯ ಪೀಳಿಗೆ. ಐವತ್ತು ವರ್ಷ ಬೇರೆಬೇರೆ ಅಂಗಡಿಯಲ್ಲಿದ್ದ ಎರಡು ಕೆಲಸ ಟ್ಯಾಂಕಿನ ಮುಚ್ಚಳದ ಕೆಳಗೆ ಒಂದಾದವು.

ಆ ಪಂಪಿಗೆ ಕರೆಂಟು ಹೋಗುವ ದಾರಿ ಹೀಗಿದೆ: ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ರಿಲೇ, ರಿಲೇಯಿಂದ ಗಾಡಿಯ ಹೊಟ್ಟೆಯ ಕೆಳಗೆ ಹಿಂದಕ್ಕೆ ಓಡುವ ವೈರು, ಟ್ಯಾಂಕಿನ ಮೇಲಿನ ಕನೆಕ್ಟರು, ಪಂಪು, ಅಲ್ಲಿಂದ ಬಾಡಿ ಅರ್ಥ್. ಕೀಲಿ ತಿರುಗಿಸಿದರೆ ಗಾಡಿಯ ಕಂಪ್ಯೂಟರಾದ ಇಸಿಯು ಒಂದೆರಡು ಸೆಕೆಂಡು ಮಾತ್ರ ರಿಲೇಯನ್ನು ಹಿಡಿಯುತ್ತದೆ, ಎಂಜಿನ್ ತಿರುಗಿದರೆ ಮುಂದುವರಿಸುತ್ತದೆ. ಪಂಪು ಕೇಳುವುದು ಐದು ಆಂಪಿಯರಿನ ಆಸುಪಾಸು. ಇಲ್ಲಿಯೇ ಪರೀಕ್ಷೆಯ ಮರ್ಮ. ಮಲ್ಟಿಮೀಟರು ಕರೆಂಟನ್ನು ಬಹುತೇಕ ಎಳೆಯುವುದೇ ಇಲ್ಲ. ವೈರಿನ ಎಳೆಗಳೆಲ್ಲ ಹಸಿರುಗಟ್ಟಿ ಒಂದೇ ಒಂದು ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಹೊಸಬ ಅದನ್ನು ನಂಬಿ ಪಂಪನ್ನೇ ಬದಲಿಸುತ್ತಾನೆ, ಗಿರಾಕಿಯ ಸಾವಿರಾರು ರೂಪಾಯಿ ಹೋಗುತ್ತದೆ, ಗಾಡಿ ಮರುದಿನ ಮತ್ತೆ ನಿಲ್ಲುತ್ತದೆ. ಲೈಟಿನ ಮಿಸ್ತ್ರಿಗೆ ಈ ಮೋಸ ಮೊದಲಿನಿಂದ ಗೊತ್ತು: ಕರೆಂಟ್ ಅದ, ದಮ್ ಇಲ್ಲ. ಮಂಕಾಗಿ ಉರಿಯುವ ಹೆಡ್‌ಲೈಟಿನಲ್ಲಿ ಅವನು ಅದನ್ನು ವರ್ಷಗಟ್ಟಲೆ ಕಂಡಿದ್ದ. ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಪಂಪಿನ ಕನೆಕ್ಟರಿಗೆ ಸಿಕ್ಕಿಸಿದರೆ, 55 ಅಥವಾ 60 ವ್ಯಾಟಿನ ಆ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದೂ ಸರಿಸುಮಾರು ಐದು ಆಂಪಿಯರ್, ಅಂದರೆ ಪಂಪಿನಷ್ಟೇ. ಬೆಳ್ಳಗೆ ಉರಿದರೆ ದಾರಿ ಸರಿಯಿದೆ, ದೋಷ ಪಂಪಿನದು. ಕೆಂಪಗೆ ಉರಿದರೆ ದಾರಿಯಲ್ಲೆಲ್ಲೋ ತಡೆ ಇದೆ. ಆಗ ಮೀಟರನ್ನು ಹೊರತೆಗೆದು, ಲೋಡ್ ಇರುವಾಗಲೇ ಒಂದೊಂದು ತುಂಡಿನ ಎರಡು ತುದಿಗೆ ಹಿಡಿದು ಎಲ್ಲಿ ವೋಲ್ಟ್ ಸೋರುತ್ತಿದೆ ಎಂದು ನೋಡಬೇಕು. ಅರ್ಥ್ ಕಡೆಯೇ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಬೋಲ್ಟ್ ಬಿಚ್ಚಿ ತುಕ್ಕು ಕೆರೆಯುವುದೇ ಚಿಕಿತ್ಸೆ. ಕಾಲುವೆ ನೀರಿನ ತೇವ, ಎರೆಮಣ್ಣಿನ ಕೆಸರು, ಭತ್ತದ ಸೀಮೆಯ ಇಲಿಗಳು ಈ ಮೂರೂ ಗಾಡಿಯ ಕೆಳಗಿನ ವೈರಿಗೆ ಶತ್ರುಗಳೇ. ಬಿಸಿಲಿನದು ಬೇರೆ ಆಟ. ಟ್ಯಾಂಕಿನ ಪಂಪನ್ನು ತಂಪಿಡುವುದು ಅದರ ಸುತ್ತಲಿನ ಪೆಟ್ರೋಲೇ. ಐವತ್ತು ರೂಪಾಯಿ, ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ಓಡಿಸುವ ಗಾಡಿಯಲ್ಲಿ ಅದು ಕಾದು ನಿಲ್ಲುತ್ತದೆ, ಆರಿದ ಮೇಲೆ ಏನೂ ಆಗದವರಂತೆ ತಿರುಗುತ್ತದೆ. ಬೆಳಿಗ್ಗೆ ಗ್ಯಾರೇಜಿಗೆ ತಂದಾಗ ದೋಷವೇ ಸಿಗುವುದಿಲ್ಲ.

ಸ್ಕ್ಯಾನರ್ ಬಂದ ಮೇಲೆ ಬಲ್ಬು ಯಾಕೆ ಎನ್ನುವವರಿಗೆ ಉತ್ತರ ಕಷ್ಟವಿಲ್ಲ. ಬಹಳಷ್ಟು ಸಾಧಾರಣ ಗಾಡಿಗಳಲ್ಲಿ ಇಸಿಯುಗೆ ಗೊತ್ತಿರುವುದು ರಿಲೇಯ ಕಾಯಿಲ್ಲಿನ ತನಕದ ವಿಷಯ ಮಾತ್ರ. ರಿಲೇಯ 85, 86ನೆಯ ಕಾಲುಗಳು ಸರಿಯಿದ್ದರೆ ಅದು ತೃಪ್ತ. 87ನೆಯ ಕಾಲಿನಿಂದ ಹೊರಟ ಕರೆಂಟು ಪಂಪನ್ನು ಮುಟ್ಟಿತೋ ದಾರಿಯಲ್ಲಿ ಬಸವಳಿಯಿತೋ ಅದರ ಕಣ್ಣಿಗೆ ಬೀಳದು. ಸ್ಕ್ಯಾನರಿನ ಪರದೆ ಖಾಲಿ ಇದೆ ಎಂದಮಾತ್ರಕ್ಕೆ ದೋಷವಿಲ್ಲ ಎಂದಲ್ಲ. ಆದರೆ ಎದುರು ಪಕ್ಷದ ಒಂದು ಮಾತನ್ನು ಪೂರ್ತಿ ಒಪ್ಪಬೇಕು. ಅದೇ ಬಲ್ಬನ್ನು ಇಸಿಯುವಿನ ಸಣ್ಣ ವೈರಿಗೆ, ಸೆನ್ಸರಿನ ವೈರಿಗೆ ಚುಚ್ಚಿದರೆ ಒಳಗಿನ ಟ್ರಾನ್ಸಿಸ್ಟರು ಸುಟ್ಟು ಬಲ್ಬಿನ ಬೆಲೆಯ ನೂರಾರು ಪಟ್ಟು ನಷ್ಟವಾಗುತ್ತದೆ. 'ಡೈರೆಕ್ಟ್ ಕೊಡು' ಎಂಬ ಹಳೆಯ ಚಟವೂ ಹಾಗೆಯೇ, ಫ್ಯೂಸನ್ನು ತಪ್ಪಿಸಿ ಟ್ಯಾಂಕಿಗೆ ನೇರ ಕರೆಂಟ್ ಎಳೆಯುವುದು ಬೆಂಕಿಗೆ ದಾರಿ. ಹಳೆಯ ಕ್ರಮ ಉಳಿಯಿತು ಎಂದರೆ ಅದು ಇದ್ದಂತೆಯೇ ಉಳಿಯಿತು ಎಂದು ಅರ್ಥವಲ್ಲ. ಯಾವ ವೈರಿಗೆ ಬಲ್ಬು, ಯಾವುದಕ್ಕೆ ಮೀಟರು ಎಂಬ ವಿವೇಕವನ್ನು ಅದು ಹೊಸದಾಗಿ ಕಲಿಯಬೇಕಾಯಿತು. ಪಂಪ್ ಮಿಸ್ತ್ರಿಯ ಪಾಲೂ ಪೂರ್ತಿ ಅಳಿಯಲಿಲ್ಲ. ಬಲ್ಬು ಬೆಳ್ಳಗೆ ಉರಿದು, ಪಂಪು ತಿರುಗಿ, ಆದರೂ ಗಾಡಿ ಏರು ಹತ್ತದಿದ್ದರೆ ಒತ್ತಡದ ಗೇಜು ಬೇಕು, ಟ್ಯಾಂಕಿನ ಜಾಳಿಗೆಯಲ್ಲಿ ಕಟ್ಟಿದ ಕಸವನ್ನು ಅನುಮಾನಿಸುವ ಬುದ್ಧಿ ಬೇಕು. ಅದು ಅವನ ಹಳೆಯ ವಿದ್ಯೆ.

ಟ್ರ್ಯಾಕ್ಟರಿನ ಮಟ್ಟಿಗೆ ಈ ಕೂಡಿಕೆ ಇನ್ನೂ ಅರ್ಧದಲ್ಲಿದೆ. 50 ಅಶ್ವಶಕ್ತಿಗಿಂತ ಹೆಚ್ಚಿನವಕ್ಕೆ ಹೊಸ ಹೊಗೆ ನಿಯಮ ಹತ್ತಿದ್ದು 2023ರ ಜನವರಿಯಿಂದ, ಆ ದೊಡ್ಡ ಯಂತ್ರಗಳಿಗೆ ಕಾಮನ್ ರೈಲು, ಇಸಿಯು ಬಂದವು. ಅದಕ್ಕಿಂತ ಚಿಕ್ಕದನ್ನು ಕೊಂಡ ರೈತನ ಟ್ರ್ಯಾಕ್ಟರಿನಲ್ಲಿ ಗೇರಿನಿಂದ ತಿರುಗುವ ಪಂಪೇ ಇದೆ. ಅದರ ಡೀಸೆಲ್ ನಿಂತರೆ ಇವತ್ತಿಗೂ ಬಿಚ್ಚಬೇಕಾದದ್ದು ಏರ್ ಲಾಕಿನ ಸ್ಕ್ರೂ, ಎಲೆಕ್ಟ್ರಿಷಿಯನ್ನನನ್ನು ಕರೆಯುವುದು ಸೆಲ್ಫ್ ಹೊಡೆಯದಿದ್ದಾಗಲೇ.