ನಗರಾದ್ಭುತ ಕಥೆಗಳೂ ವಾಚಕರ ಹೃದಯವೂ

ಓದುವವನ ಹೃದಯವು ಪಾತ್ರದ ಹೃದಯದೊಡನೆ ಬೆರೆಯದಿದ್ದಲ್ಲಿ ರಸೋತ್ಪತ್ತಿಯಾಗದೆಂಬುದು ನಮ್ಮ ಆಲಂಕಾರಿಕರ ನಿರ್ಣಯವು. ಈ ಬೆರೆಯುವಿಕೆಗೆ ಅವರು ಹೃದಯಸಂವಾದವೆಂದರು. ಆಂಗ್ಲ ಭಾಷೆಯಲ್ಲಿ ‘ಅರ್ಬನ್ ಫ್ಯಾಂಟಸಿ’ ಎಂದು ಕರೆಯಲ್ಪಡುವ ಕಥಾಮಾಲೆಗಳನ್ನು ಓದುವವರಲ್ಲಿ ಅನೇಕರಿಗೆ ಈ ಸಂವಾದವೇ ದುರ್ಲಭವಾಗಿರುವುದು. ಇಂದಿನ ಪಟ್ಟಣದ ಬೀದಿ, ರೈಲು, ಪೋಲೀಸು ಠಾಣೆಗಳ ನಡುವೆ ಮಾಂತ್ರಿಕರೂ ಪಿಶಾಚಗಳೂ ಸಂಚರಿಸುವ ಕಥೆಗಳಿವು. ಕುತೂಹಲವು ತಣಿಯುತ್ತದೆ, ಪುಸ್ತಕವೂ ಮುಗಿಯುತ್ತದೆ. ಆದರೆ ನಾಯಕನು ನಮ್ಮವನೆನಿಸುವುದಿಲ್ಲ. ಇದು ಗ್ರಂಥದ ದೋಷವೋ, ವಾಚಕನ ದೋಷವೋ? ಈ ಕಥಾಪ್ರಕಾರದ ಚರಿತ್ರೆಯನ್ನು ತಿರುವಿ ನೋಡಿದರೆ ಉತ್ತರವು ದೊರೆಯಬಹುದು.

ಇದಕ್ಕೆ ಪೂರ್ವಜೆಯೆನ್ನಬಹುದಾದವಳು ಇಂಗ್ಲೆಂಡಿನ ಈ. ನೆಸ್ಬಿಟ್. 1902, 1904 ಮತ್ತು 1906ರಲ್ಲಿ ಆಕೆ ಒಂದೇ ಮನೆಯ ಮಕ್ಕಳನ್ನು ಕುರಿತ ಮೂರು ಅದ್ಭುತ ಕಥೆಗಳನ್ನು ಪ್ರಕಟಿಸಿದಳು. ಮೂರನೆಯದರಲ್ಲಿ ತಂದೆಯು ಯುದ್ಧವಾರ್ತೆಗಾಗಿ ಮಂಚೂರಿಯಕ್ಕೆ ಹೋಗಿರುವನು. ಕಾಯಿಲೆಯಿಂದ ಬಳಲಿದ ತಾಯಿಯು ಎಳೆಯ ಕೂಸಿನೊಡನೆ ಮಡೈರಾ ದ್ವೀಪದಲ್ಲಿರುವಳು. ಲಂಡನ್ನಿನಲ್ಲಿ ಉಳಿದ ನಾಲ್ವರು ಮಕ್ಕಳು ಮಂತ್ರದ ತಾಯಿತವೊಂದರ ಬಲದಿಂದ ಬ್ಯಾಬಿಲೋನಿಗೂ ಈಜಿಪ್ಟಿಗೂ ಹೋಗಿಬರುತ್ತಾರೆ. ಆದರೆ ಅವರ ಬಯಕೆಯಾದರೂ ಏನು? ತಂದೆತಾಯಿಗಳು ಮನೆಗೆ ಬರಲಿ ಎಂಬುದಷ್ಟೆ. ಬ್ಯಾಬಿಲೋನು ನಮ್ಮನ್ನು ಬೆರಗುಗೊಳಿಸುತ್ತದೆ. ಈ ಬಯಕೆಯಾದರೋ ನಮ್ಮನ್ನು ಕರಗಿಸುತ್ತದೆ.

1941ರಲ್ಲಿ ಅಮೆರಿಕದ ಫ್ರಿಟ್ಸ್ ಲೈಬರ್ ‘ಸ್ಮೋಕ್ ಘೋಸ್ಟ್’ ಎಂಬ ಸಣ್ಣ ಕಥೆಯಲ್ಲಿ ಪಟ್ಟಣಕ್ಕೆ ತಕ್ಕ ಹೊಸ ಪಿಶಾಚವನ್ನೇ ಸೃಷ್ಟಿಸಿದನು. ಕಚೇರಿಯಿಂದ ಮೇಲ್ಸೇತುವೆಯ ರೈಲಿನಲ್ಲಿ ಹಿಂತಿರುಗುವ ಗೃಹಸ್ಥನೊಬ್ಬನು ಮಾಳಿಗೆಗಳ ಮೇಲೆ ಮಸಿಹಿಡಿದ ಆಕಾರವೊಂದನ್ನು ದಿನವೂ ಕಾಣುತ್ತಾನೆ. ಇಲ್ಲಿಯೂ ಅದ್ಭುತವು ಹುಟ್ಟಿದ್ದು ನಿತ್ಯದ ಆತಂಕದಿಂದಲೇ.

1980ರ ದಶಕದಲ್ಲಿ ಈ ಪ್ರಕಾರಕ್ಕೆ ಸ್ಪಷ್ಟ ರೂಪವು ಬಂದಿತು. 1987ರಲ್ಲಿ ಎಮ್ಮಾ ಬುಲ್ ಮಿನಿಯಾಪೊಲಿಸ್ ನಗರಕ್ಕೆ ಯಕ್ಷಗಣಗಳನ್ನು ತಂದಳು. ಬಳಿಕ ದೀರ್ಘ ಕಥಾಮಾಲೆಗಳು ಹಬ್ಬಿದವು. ತೊಡಕೂ ಅಲ್ಲಿಯೇ ಹುಟ್ಟಿತು. ಮುಂದಿನ ಸಂಪುಟಕ್ಕೆ ನಾಯಕನು ಬದುಕಿ ಬರಲೇಬೇಕೆಂದು ನಾವು ಬಲ್ಲೆವು. ಆದುದರಿಂದ ಅವನ ಅಪಾಯಕ್ಕೆ ಭಾರವಿಲ್ಲ. ಅವನ ಶಕ್ತಿಯು ಬೆಳೆದಷ್ಟೂ ನಮ್ಮ ಕನಿಕರವು ಕುಗ್ಗುತ್ತದೆ.

ಆದರೂ ಸಮರ್ಥ ಲೇಖಕರು ದಾರಿಯನ್ನು ಕಂಡುಕೊಂಡರು. 2000ದಲ್ಲಿ ಜಿಮ್ ಬುಚರನು ಪ್ರಾರಂಭಿಸಿದ ಮಾಲೆಯ ಚಿಕಾಗೋ ಮಾಂತ್ರಿಕನ ಬಳಿ ಯಂತ್ರಗಳು ಕೆಡುತ್ತವೆ. ಆದಕಾರಣ ಅವನಿಗೆ ತಣ್ಣೀರೇ ಸ್ನಾನಕ್ಕೆ ಗತಿ. ಕಚೇರಿಯ ಬಾಡಿಗೆಯೂ ಬಾಕಿ. ಮೊದಲ ಸಂಪುಟದಲ್ಲಿ ಇವು ಬರಿಯ ವಿನೋದವೆನಿಸಬಹುದು. ಆದರೆ 2010ರಲ್ಲಿ ಬಂದ ಹನ್ನೆರಡನೆಯ ಸಂಪುಟದಲ್ಲಿ ಆ ನೆಲಮಾಳಿಗೆಯ ಮನೆಯು ಬೆಂಕಿಗೆ ಆಹುತಿಯಾದಾಗ, ವರ್ಷಗಳಿಂದ ಹೋಗಿಬಂದು ಮಾಡಿದ ಬಂಧುಗಳ ಮನೆಯೇ ಉರಿದಂತಾಗುತ್ತದೆ. 2011ರಲ್ಲಿ ಬೆನ್ ಆರನೊವಿಚನು ಲಂಡನ್ನಿನ ನದಿಗಳಿಗೆ ದೇವತೆಗಳನ್ನು ಕಲ್ಪಿಸಿದನು; ನದಿಯನ್ನು ತಾಯಿಯೆನ್ನುವ ನಮಗೆ ಅದೇನೂ ಅಪೂರ್ವವಲ್ಲ. ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ನಾಯಕನ ಜೊತೆಗಾತಿಯಾದ ಪೋಲೀಸು ತರುಣಿಯು ಮೊದಲ ಸಂಪುಟದ ಕೊನೆಯಲ್ಲಿ ಮಂತ್ರದ ದೆಸೆಯಿಂದ ತನ್ನ ಮುಖವನ್ನೇ ಕಳೆದುಕೊಳ್ಳುತ್ತಾಳೆ. ಎರಡನೆಯ ಸಂಪುಟಕ್ಕೂ ಆ ನಷ್ಟವು ಅವಳೊಡನೆಯೇ ಬರುತ್ತದೆ.

ಹೀಗೆ, ಮಂತ್ರವು ನಮ್ಮನ್ನು ಬಾಗಿಲವರೆಗೆ ಕರೆತರಬಲ್ಲುದು. ಒಳಗೆ ಕೂರಿಸುವುದು ಅದಕ್ಕೆ ತೆರಬೇಕಾದ ಬೆಲೆಯೇ. ಆ ಬೆಲೆಯನ್ನು ತೋರಿಸದ ಗ್ರಂಥವನ್ನು ಕೆಳಗಿಟ್ಟರೆ ವಾಚಕನಿಗೆ ದೋಷವಿಲ್ಲ. ಆದರೆ ನೆರೆಮನೆಯವರ ಪರಿಚಯವೂ ಒಂದೇ ದಿನದಲ್ಲಿ ಆಗುವುದಲ್ಲ. ದೂರದ ಪಟ್ಟಣದ ಅಪರಿಚಿತನ ಬಾಡಿಗೆಯ ಚಿಂತೆಗೆ ಕಿವಿಗೊಡುವಷ್ಟು ತಾಳ್ಮೆಯೂ ಸಹೃದಯತೆಯ ಒಂದಂಶವೇ ಅಲ್ಲವೆ?