ಗೋಲಿ ಸೋಡಾ, ಸೇತುವೆ ಮತ್ತು ನೇತ್ರಾಣಿಯ ಹುಡುಗ



ಒಂದು ಭಾನುವಾರ ಬೆಳಗ್ಗೆ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಗೇಟಿನ ಮುಂದೆ ಯುವಕನೊಬ್ಬ ಕಾಗದದ ಕಟ್ಟು ಹಿಡಿದು ನಿಂತಿದ್ದ. "ಸಾರ್, ಗುರುತು ಸಿಕ್ಕಿತೇ?" ಎಂದ. ನಗು ನೋಡಿದೊಡನೆ ಸಿಕ್ಕಿತು. ಎಂಟನೆಯ ತರಗತಿಯ ಕೊನೆಯ ಬೆಂಚಿನವನು. ಹೆಸರು ಬೇಡ, ಸಹಪಾಠಿಗಳು ಊಹಿಸಿಕೊಳ್ಳಲಿ.

ಅವನೀಗ ಮುರುಡೇಶ್ವರದಲ್ಲಿ ಸ್ಕೂಬಾ ಗೈಡ್. ಪ್ರವಾಸಿಗರನ್ನು ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು, ಕೈಹಿಡಿದು ನೀರಿನೊಳಗೆ ಮೀನು, ಹವಳ ತೋರಿಸಿ, ಮೇಲಕ್ಕೆ ತಂದುಬಿಡುವ ಕೆಲಸ. ಕಳೆದ ಡಿಸೆಂಬರಿನ ರಜೆಯ ದಟ್ಟಣೆಯಲ್ಲಿ ಒಂದೇ ದಿನ ಐದು ಬಾರಿ ಇಳಿದು ಹತ್ತಿದವನು, ತಾಯಿಯನ್ನು ನೋಡಲೆಂದು ಅದೇ ಸಂಜೆ ಬೆಂಗಳೂರಿನ ಬಸ್ಸು ಹತ್ತಿದ. ಘಟ್ಟ ಏರುವಾಗ ಎಡಭುಜದಲ್ಲಿ ಹಲ್ಲುನೋವಿನಂಥ ನೋವು. ಬೆಳಗಾಗುವಷ್ಟರಲ್ಲಿ ಬೆರಳುಗಳಿಗೆ ಜೋಮು. ವೈದ್ಯರು ಅದನ್ನು ಡಿಕಂಪ್ರೆಷನ್ ಸಿಕ್‌ನೆಸ್ ಎಂದರು. ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ ಉಸಿರಾಡುತ್ತ ಮೊದಲ ದಿನವೇ ಐದು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಕೂರಿಸಿದರು. ಕೈ ಬಹುಮಟ್ಟಿಗೆ ಸರಿಹೋಯಿತು. ಸರಿಹೋಗದೆ ಉಳಿದದ್ದು ಆಸ್ಪತ್ರೆಯ ಬಿಲ್ಲು. ವಿಮೆಯವರು "ಸಾಹಸ ಕ್ರೀಡೆಯಲ್ಲಿ ಆದ ತೊಂದರೆ ಪಾಲಿಸಿಗೆ ಹೊರತು" ಎಂದು ಬರೆದಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ಮರುಪತ್ರ ಬರೆಸಿಕೊಳ್ಳಲು ಬಂದಿದ್ದ.

"ಕ್ರೀಡೆ ಆಡಿದ್ದು ಅವರು ಸಾರ್, ನಾನು ಡ್ಯೂಟಿ ಮಾಡಿದ್ದು" ಎಂದ. ಆ ಮಾತು ನನ್ನನ್ನು ಎರಡು ವಾರ ಪುಸ್ತಕಗಳ ನಡುವೆ ಕೂರಿಸಿತು.

ರೋಗದ ಗುಟ್ಟು ನಮ್ಮ ಗೋಲಿ ಸೋಡಾದಲ್ಲಿದೆ. ಗೋಲಿ ಒತ್ತುವವರೆಗೂ ನೀರು ತಿಳಿಯಾಗಿರುತ್ತದೆ. ಒತ್ತಿದೊಡನೆ ಒತ್ತಡ ಇಳಿದು ಗುಳ್ಳೆಗಳೇಳುತ್ತವೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಕೊಬ್ಬು, ಕೀಲುಗಳಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನೊಡನೆ ಹೊರಹೋಗುತ್ತದೆ. ಅವಸರಪಟ್ಟರೆ ದೇಹವೇ ಸೋಡಾ ಬಾಟಲಿ. ಒಮ್ಮೆ ಇಳಿದು ಹೋಗುವ ಪ್ರವಾಸಿಗೆ ಇದರ ಭಯ ಬಹಳ ಕಡಿಮೆ. ದಿನವಿಡೀ ಇಳಿದು ಹತ್ತುವ ಗೈಡಿಗಾದರೋ ಹಿಂದಿನ ಮುಳುಗಿನ ಸಾರಜನಕ ಪೂರ್ತಿ ಹೋಗುವ ಮೊದಲೇ ಮುಂದಿನದು ಸೇರುತ್ತದೆ. ಮುಳುಗಿದ ದಿನ ವಿಮಾನ ಹತ್ತಬಾರದೆಂಬುದು ಹುಡುಗನಿಗೆ ಗೊತ್ತಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿಯ ಗಾಳಿಯ ಒತ್ತಡ ಮುರುಡೇಶ್ವರದ್ದಕ್ಕಿಂತ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ, ಹಾಗಾಗಿ ಘಟ್ಟ ಹತ್ತುವ ಬಸ್ಸೂ ಒಂದು ಸಣ್ಣ ವಿಮಾನವೇ ಎಂಬುದು ಮಾತ್ರ ಹೊಳೆದಿರಲಿಲ್ಲ. ಭೂಗೋಳ ಪಾಠದಲ್ಲಿ ಬೆಂಗಳೂರಿನ ಎತ್ತರವನ್ನು ಹವೆಯ ತಂಪಿಗೆ ಮಾತ್ರ ಜೋಡಿಸಿ ಹೇಳಿದವನು ನಾನೇ.

ಈ ಬೇನೆ ಮನುಷ್ಯನಿಗೆ ಮೊದಲು ಅಂಟಿದ್ದು ವಿಹಾರದಲ್ಲಲ್ಲ, ಕೂಲಿಯಲ್ಲಿ. ನದಿಯ ತಳದಲ್ಲಿ ಸೇತುವೆಯ ಬುನಾದಿ ತೋಡಲು ಕ್ಯಾಸನ್ ಎಂಬ ಬೋರಲು ಪೆಟ್ಟಿಗೆ ಇಳಿಸಿ, ನೀರು ನುಗ್ಗದಂತೆ ಒತ್ತಿದ ಗಾಳಿ ತುಂಬಿ, ಒಳಗೆ ಕೂಲಿಕಾರರನ್ನು ಬಿಡುತ್ತಿದ್ದರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಈಡ್ಸ್ ಮಿಸಿಸಿಪ್ಪಿಗೆ ಸೇತುವೆ ಕಟ್ಟುವಾಗ, 1870ರಲ್ಲಿ, ಪೆಟ್ಟಿಗೆ 90 ಅಡಿಗೂ ಆಳಕ್ಕೆ ಹೋಯಿತು. ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಪರೀಕ್ಷಿಸಲು ಇಳಿದ ವೈದ್ಯ ಜಾಮಿನೆ ತಾನೇ ಕೈಕಾಲು ಸ್ವಾಧೀನ ತಪ್ಪಿ ಬಿದ್ದ. ನೋವಿಗೆ ಬಾಗಿ ನಡೆಯುವವರನ್ನು ಕಂಡು ಜೊತೆಗಾರರು, ಆ ಕಾಲದ ಫ್ಯಾಷನ್ನಿನ ಹೆಂಗಸರ ಬಾಗಿದ ನಡಿಗೆಗೆ ಹೋಲಿಸಿ ನಗುತ್ತಿದ್ದರಂತೆ. ಡೈವಿಂಗಿನವರು ಇಂದೂ ಬಳಸುವ 'ಬೆಂಡ್ಸ್' ಎಂಬ ಹೆಸರು ಆ ಹಾಸ್ಯದಿಂದ ಹುಟ್ಟಿತು.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕತೆ ಇನ್ನೂ ಪ್ರಸಿದ್ಧ. 1872ರಲ್ಲಿ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಇದೇ ಬೇನೆಯಿಂದ ಹಾಸಿಗೆ ಹಿಡಿದರು. ಪತ್ನಿ ಎಮಿಲಿ ಅವರ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸುತ್ತ 1883ರಲ್ಲಿ ಸೇತುವೆ ಮುಗಿಯುವವರೆಗೂ ದುಡಿದರು. ಪಠ್ಯಪುಸ್ತಕಗಳು ಇದನ್ನಷ್ಟೇ ಹೇಳುತ್ತವೆ. ಅಲ್ಲಿನ ವೈದ್ಯ ಆಂಡ್ರ್ಯೂ ಸ್ಮಿತ್ 110 ಕೂಲಿಕಾರರ ನರಳಿಕೆಯನ್ನು ದಾಖಲಿಸಿದ್ದನ್ನೂ, ಸಾವುಗಳ ಬೆನ್ನಲ್ಲೇ ಅದೇ ವರ್ಷದ ಮೇ ತಿಂಗಳಲ್ಲಿ ಕೂಲಿಕಾರರು ಹೆಚ್ಚಿನ ಕೂಲಿಗಾಗಿ ಮುಷ್ಕರ ಹೂಡಿದ್ದನ್ನೂ ನಾನು ಪಾಠ ಮಾಡಿದ ಕಾಲದಲ್ಲಿ ಓದಿರಲಿಲ್ಲ.

ಕಾರಣವನ್ನು ಖಚಿತಪಡಿಸಿದವನು ಫ್ರಾನ್ಸಿನ ಪಾಲ್ ಬೆರ್, 1878ರಲ್ಲಿ. ನ್ಯೂಯಾರ್ಕಿನ ಹಡ್ಸನ್ ನದಿಯಡಿ ಸುರಂಗ ಕೊರೆಯುತ್ತಿದ್ದ ಎಂಜಿನಿಯರ್ ಅರ್ನೆಸ್ಟ್ ಮೋಯಿರ್, 1890ರ ಸುಮಾರಿಗೆ, ನರಳುವವರನ್ನು ಮತ್ತೆ ಒತ್ತಡಕ್ಕೊಡ್ಡಿ ನಿಧಾನವಾಗಿ ಇಳಿಸುವ ಕಬ್ಬಿಣದ ಕೋಣೆ ಮಾಡಿಸಿದ. ಅದಕ್ಕೆ ಮೊದಲು 45-50 ಜನರಲ್ಲಿ ತಿಂಗಳಿಗೊಬ್ಬ ಸಾಯುತ್ತಿದ್ದ. ಆಮೇಲೆ 120 ಜನರಲ್ಲಿ 15 ತಿಂಗಳಿಗೆ ಸತ್ತವರು ಇಬ್ಬರು. ನಮ್ಮ ಹುಡುಗ ಕೂತಿದ್ದ ಕೋಣೆ ಅದರ ಮರಿಮೊಮ್ಮಗ. ಆಡುಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಿಂದ ಎಷ್ಟು ನಿಧಾನವಾಗಿ ಏರಬೇಕೆಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದವರು ಬ್ರಿಟನ್ನಿನ ಹಾಲ್ಡೇನ್ ಮತ್ತು ಸಂಗಡಿಗರು.

ಇಷ್ಟು ಓದಿ, ಹುಡುಗನ ಪತ್ರಕ್ಕೆ ಬೇಕಾದ ಸಾಲನ್ನು ಹುಡುಕಿದೆ. ಅದು ನಮ್ಮ ದೇಶದ ಕಾನೂನಿನಲ್ಲೇ ಇತ್ತು. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ, ಯಾರು ಯಾರು ಕಾರ್ಮಿಕರು ಎಂಬ ಉದ್ದನೆಯ ಪಟ್ಟಿಯಿದೆ. ಆನೆ ಪಳಗಿಸುವವರು, ತಾಳೆಮರದಿಂದ ರಸ ಇಳಿಸುವವರು ಇರುವ ಆ ಪಟ್ಟಿಯಲ್ಲಿ ಮುಳುಗುಗಾರನೂ ಇದ್ದಾನೆ. ಮೂರನೆಯ ಅನುಸೂಚಿಯ ಔದ್ಯೋಗಿಕ ರೋಗಗಳಲ್ಲಿ "ಒತ್ತಿದ ಗಾಳಿಯಲ್ಲಿ ಮಾಡುವ ಕೆಲಸದಿಂದ ಬರುವ ರೋಗಗಳು" ಸೇರಿವೆ. ಅಂಥ ರೋಗ ಬಂದರೆ ಅದನ್ನು ಕೆಲಸದಲ್ಲಾದ ಅಪಘಾತವೆಂದೇ ಎಣಿಸಬೇಕು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ; ರೋಗದ ಹೆಸರು ಅದರ ಪಟ್ಟಿಯಲ್ಲಿಯೂ ಇದೆ.

ಅಂದರೆ ಹುಡುಗ ಬಡಿದದ್ದು ತಪ್ಪು ಬಾಗಿಲನ್ನು. ವಿಮೆಯವರಿಗಿಂತ ಮೊದಲು ಕೇಳಬೇಕಾದದ್ದು ಕೆಲಸ ಕೊಟ್ಟವರನ್ನು. "ಅವರು ನನ್ನನ್ನು ನೌಕರ ಅಂತ ಬರೆದುಕೊಂಡೇ ಇಲ್ಲ ಸಾರ್. ಟ್ರಿಪ್ಪಿಗಿಷ್ಟು ಅಂತ ಕೊಡ್ತಾರೆ. ಮಳೆಗಾಲದಲ್ಲಿ ಅದೂ ಇಲ್ಲ" ಎಂದ. ಮುಳುಗುವವರಿಗೆಂದೇ ವಿಮೆ ಮಾಡಿಸುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆ 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದೆ. ಅದರ ಹೆಸರು ಅವನಿಗೆ ಗೊತ್ತಿತ್ತು. "ನಮ್ಮ ಬಳಿ ಬರುವ ಟೆಕ್ಕಿಗಳ ಹತ್ತಿರ ಆ ಕಾರ್ಡು ಇರುತ್ತದೆ" ಎಂದು ನಕ್ಕ. ನನಗೆ ನಗು ಬರಲಿಲ್ಲ.

"ನೀನು ಎಷ್ಟು ಬಾರಿ ಇಳಿದೆ ಎಂಬುದಕ್ಕೆ ದಾಖಲೆ ಏನಿದೆ?" ಎಂದು ಕೇಳಿದೆ. ಚೀಲದಿಂದ ನೀರು ತಾಗಿ ಉಬ್ಬಿದ ನೋಟುಪುಸ್ತಕ ತೆಗೆದ. ದಿನಾಂಕ, ಇಳಿದ ವೇಳೆ, ಆಳ, ಏರಿದ ವೇಳೆ, ಜೊತೆಗಿದ್ದವರ ಸಂಖ್ಯೆ. ಮೂರು ಋತುಗಳ ಲೆಕ್ಕ, ಒಂದು ದಿನವೂ ಬಿಟ್ಟಿಲ್ಲ. ಶಾಲೆಯಲ್ಲಿ ಮನೆಪಾಠ ಬರೆದು ತಂದ ನೆನಪೇ ಇಲ್ಲದ ಹುಡುಗ! ಹಣ ಸಂದಾಯದ ಮೊಬೈಲ್ ಸಂದೇಶಗಳನ್ನೂ ಅದರೊಡನೆ ತಾಳೆ ನೋಡಿದೆವು. ಡಿಸೆಂಬರಿನ ಆ ದಿನದ ಐದೂ ಮುಳುಗಿಗೆ ಹಣ ಬಂದಿತ್ತು.

ಪತ್ರ ಎರಡಾಯಿತು. ವಿಮೆಯವರಿಗೊಂದು, ಕೆಲಸ ಕೊಟ್ಟವರಿಗೊಂದು. ಕಳೆದ ಸೋಮವಾರ ಸ್ಪೀಡ್ ಪೋಸ್ಟಿಗೆ ಹಾಕಿ ಬಂದೆವು. ಉತ್ತರ ಇನ್ನೂ ಇಲ್ಲ. ನಿಮ್ಮಲ್ಲಿ ಕಾರ್ಮಿಕ ಕಾನೂನು ಬಲ್ಲ ವಕೀಲರು ಇಬ್ಬರಾದರೂ ಇದ್ದೀರಿ. ಬಿಡುವಾದಾಗ ಮನೆಗೆ ಬನ್ನಿ. ನೋಟುಪುಸ್ತಕದ ನಕಲು ನನ್ನ ಮೇಜಿನ ಮೇಲಿದೆ. ಮೂಲವನ್ನು ಅವನೇ ಒಯ್ದಿದ್ದಾನೆ.