ಅನುಕಲನ ಪಾಠಕ್ರಮದ ವಿನ್ಯಾಸ: ಕಲಬುರಗಿ ಪ್ರದೇಶವನ್ನು ಕುರಿತ ಒಂದು ಚಾರಿತ್ರಿಕ ಪರಿಶೀಲನೆ

1. ಪ್ರಸ್ತಾವನೆ

ವಿಶ್ವವಿದ್ಯಾನಿಲಯದ ಪಾಠಪಟ್ಟಿಯನ್ನು ನಾವು ಸಾಮಾನ್ಯವಾಗಿ ಆಡಳಿತದ ಕಾಗದವೆಂದು ಮಾತ್ರ ಭಾವಿಸುತ್ತೇವೆ. ವರ್ಷದ ಆದಿಯಲ್ಲಿ ಅದನ್ನು ಅಂಟಿಸುವರು. ಪರೀಕ್ಷೆ ಮುಗಿದ ಬಳಿಕ ಅದನ್ನು ಯಾರೂ ನೋಡುವುದಿಲ್ಲ. ಆದರೆ ಶಾಸನವೊಂದು ತನ್ನ ಕಾಲದ ಸಮಾಜವನ್ನು ಹೇಗೆ ತೋರಿಸುವುದೋ ಹಾಗೆಯೇ ಪಾಠಪಟ್ಟಿಯೂ ತನ್ನ ಕಾಲದ ವಿದ್ಯಾದೃಷ್ಟಿಯನ್ನು ತೋರಿಸುತ್ತದೆ. ಯಾವ ವಿಷಯ ಮೊದಲು, ಯಾವುದು ಅನಂತರ, ಯಾವುದು ಕೇವಲ ‘ಪುನರವಲೋಕನ’ ಎಂಬ ನಿರ್ಣಯಗಳಲ್ಲಿ ಆ ಶಾಸ್ತ್ರವನ್ನು ಕುರಿತ ಒಂದು ಅಭಿಪ್ರಾಯ ಅಡಗಿರುತ್ತದೆ.

ಕಲನಶಾಸ್ತ್ರದ ಎರಡನೆಯ ಅಂಗವಾದ ಅನುಕಲನವನ್ನು ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಯಾವ ಕ್ರಮದಲ್ಲಿ ಕಲಿಸಲಾಗುತ್ತಿದೆ, ಆ ಕ್ರಮ ಎಲ್ಲಿಂದ ಬಂದಿತು, ಕಲಬುರಗಿ ಸೀಮೆಯ ವಿದ್ಯಾರ್ಥಿಗೆ ಅದರಿಂದ ಆಗುವ ಲಾಭನಷ್ಟಗಳೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ಗಣಿತವನ್ನು ಅಭ್ಯಾಸ ಮಾಡದ ಇತಿಹಾಸ ವಿದ್ಯಾರ್ಥಿಗಳಿಗೂ ಅರ್ಥವಾಗುವಂತೆ ವಿಷಯವನ್ನು ಸರಳವಾಗಿ ನಿರೂಪಿಸಿದ್ದೇವೆ.

2. ಎರಡು ಕ್ರಮಗಳು

ಅನುಕಲನಕ್ಕೆ ಎರಡು ಅರ್ಥಗಳುಂಟು. ಒಂದು, ಅವಕಲನದ ವಿಲೋಮಕ್ರಿಯೆ. ಎಂದರೆ ಬದಲಾವಣೆಯ ವೇಗವನ್ನು ತಿಳಿದು ಮೂಲ ಫಲನವನ್ನು ಕಂಡುಹಿಡಿಯುವುದು. ಇನ್ನೊಂದು, ಮೊತ್ತ, ಎಂದರೆ ಒಂದು ಕ್ಷೇತ್ರವನ್ನೋ ಘನವನ್ನೋ ಅತಿ ಸಣ್ಣ ಭಾಗಗಳಾಗಿ ಸೀಳಿ, ಅವುಗಳನ್ನು ಕೂಡಿಸಿ, ಆ ಮೊತ್ತವು ಯಾವ ಮಿತಿಯನ್ನು ಸಮೀಪಿಸುವುದೆಂದು ನೋಡುವುದು. ಈ ಎರಡೂ ಒಂದೇ ಫಲವನ್ನು ಕೊಡುತ್ತವೆ ಎಂಬುದೇ ಕಲನಶಾಸ್ತ್ರದ ಮೂಲಭೂತ ಪ್ರಮೇಯ. 1675ರಲ್ಲಿ ಲೈಬ್ನಿಟ್ಸನು ಬಳಕೆಗೆ ತಂದ ಅನುಕಲನ ಚಿಹ್ನೆಯು ಮೊತ್ತವೆಂಬ ಅರ್ಥದ ಲ್ಯಾಟಿನ್ ಪದದ ಮೊದಲಕ್ಷರವನ್ನು ಉದ್ದವಾಗಿ ಎಳೆದ ರೂಪವೇ ಆಗಿದೆ. ಹೀಗೆ ಚಿಹ್ನೆಯು ಎರಡನೆಯ ಅರ್ಥವನ್ನು ಸಾರುತ್ತದೆ.

ಆದರೂ 1768ರಿಂದ 1770ರವರೆಗೆ ಪ್ರಕಟವಾದ ತನ್ನ ಮೂರು ಸಂಪುಟಗಳ ಗ್ರಂಥದಲ್ಲಿ ಆಯ್ಲರನು ಮೊದಲನೆಯ ಅರ್ಥವನ್ನೇ ಅಡಿಪಾಯವಾಗಿ ಸ್ವೀಕರಿಸಿದನು. ಇದಕ್ಕೆ ವಿರುದ್ಧವಾದ ಕ್ರಮವನ್ನು 1823ರಲ್ಲಿ ಪ್ಯಾರಿಸಿನ ಪಾಲಿಟೆಕ್ನಿಕ್ ವಿದ್ಯಾಲಯದ ತನ್ನ ಉಪನ್ಯಾಸಗಳಲ್ಲಿ ಕೋಶಿಯು ಅನುಸರಿಸಿದನು. ಅವನು ನಿಶ್ಚಿತ ಅನುಕಲವನ್ನು ಮೊತ್ತದ ಮಿತಿಯೆಂದು ಮೊದಲು ನಿರೂಪಿಸಿ, ವಿಲೋಮಸಂಬಂಧವನ್ನು ಅನಂತರ ಸಾಧಿಸಿದನು. ಗಮನಿಸತಕ್ಕ ಅಂಶವೆಂದರೆ, ಈ ಮಾರ್ಪಾಡು ಹುಟ್ಟಿದ್ದು ಸಂಶೋಧನಾ ಪ್ರಬಂಧದಲ್ಲಲ್ಲ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ತರಗತಿಯಲ್ಲಿ. 1854ರಲ್ಲಿ ರೀಮಾನನು ಈ ನಿರೂಪಣೆಯನ್ನು ಇನ್ನಷ್ಟು ವಿಸ್ತರಿಸಿದನು. ಇಂದು ನಮ್ಮ ಕಾಲೇಜುಗಳಲ್ಲಿ ‘ರೀಮಾನ್ ಅನುಕಲನ’ ಎಂದು ಬೋಧಿಸುವುದು ಇದನ್ನೇ.

ಭಾರತಕ್ಕೆ ಈ ಶಾಸ್ತ್ರವು ಇಂಗ್ಲಿಷ್ ಪಠ್ಯಪುಸ್ತಕಗಳ ಮೂಲಕ ಬಂದಿತು. ಟಾಡ್‌ಹಂಟರ್, ಎಡ್ವರ್ಡ್ಸ್ ಮೊದಲಾದವರ ಪುಸ್ತಕಗಳು ದೀರ್ಘಕಾಲ ಬಳಕೆಯಲ್ಲಿದ್ದವು. ಅವುಗಳ ಸ್ಥಾನವನ್ನು ಕ್ರಮೇಣ ಗೋರಖ್ ಪ್ರಸಾದ್, ಶಾಂತಿ ನಾರಾಯಣ್ ಮೊದಲಾದ ಭಾರತೀಯ ಲೇಖಕರ ಪುಸ್ತಕಗಳು ಆಕ್ರಮಿಸಿದವು. ಮೊತ್ತದ ವಿಚಾರ ಈ ಪರಂಪರೆಯಲ್ಲಿ ಇಲ್ಲದಿರಲಿಲ್ಲ. ಆದರೆ ಪ್ರಶ್ನೆಪತ್ರಿಕೆಗಳಲ್ಲಿ ಹೆಚ್ಚಿನ ಸ್ಥಳವನ್ನು ಪಡೆದುದು ಆದೇಶ ವಿಧಾನ, ಭಾಗಶಃ ಅನುಕಲನ, ಆಂಶಿಕ ಭಿನ್ನರಾಶಿ, ಘಾತವನ್ನು ಹಂತಹಂತವಾಗಿ ಇಳಿಸುವ ಸೂತ್ರ ಮೊದಲಾದ ಕೌಶಲಗಳು. ಇವುಗಳಿಗೆ ಅಂಕ ಕೊಡುವುದು ಸುಲಭ. ಉತ್ತರ ಸರಿಯೋ ತಪ್ಪೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ವಿಲೋಮಕ್ರಮವು ಬೇರೂರಿದುದಕ್ಕೆ ತತ್ತ್ವಕ್ಕಿಂತ ಪರೀಕ್ಷೆಯೇ ಹೆಚ್ಚಿನ ಕಾರಣವೆಂದು ನಮ್ಮ ಅಭಿಪ್ರಾಯ.

3. ಮೂರು ವಿಶ್ವವಿದ್ಯಾನಿಲಯಗಳು, ಎರಡು ಭಾಷೆಗಳು

ಕಲಬುರಗಿಯ ವಿದ್ಯಾಚರಿತ್ರೆಗೆ ಒಂದು ವೈಶಿಷ್ಟ್ಯವುಂಟು. ಹೈದರಾಬಾದ್ ಸಂಸ್ಥಾನದಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿತು. ಅದಕ್ಕೆ ಬೇಕಾದ ಗ್ರಂಥಗಳನ್ನು ಸಿದ್ಧಪಡಿಸಲು 1917ರಲ್ಲಿಯೇ ಒಂದು ಅನುವಾದ ವಿಭಾಗವನ್ನು ತೆರೆಯಲಾಗಿದ್ದಿತು. ಕಲನಕ್ಕೆ ‘ಎಹ್ಸಾ’ ಎಂದೂ, ಅನುಕಲನಕ್ಕೆ ‘ತಕ್ಮಿಲೀ ಎಹ್ಸಾ’ ಎಂದೂ ಉರ್ದುವಿನಲ್ಲಿ ಹೆಸರುಗಳು ನೆಲೆಗೊಂಡವು. ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗರ ಬಳಿ ಅಭ್ಯಾಸ ಮಾಡಿ ಬಂದ ರಜಿಯುದ್ದೀನ್ ಸಿದ್ದಿಕಿಯವರಂತಹ ವಿದ್ವಾಂಸರು ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಗಣಿತವನ್ನು ಕಲಿಸುವುದು ಸಾಧ್ಯವೆಂಬುದಕ್ಕೆ ಇದೊಂದು ಮಹತ್ತ್ವದ ನಿದರ್ಶನ.

ಕಲಬುರಗಿಯಲ್ಲಿದ್ದ ಇಂಟರ್‌ಮೀಡಿಯೆಟ್ ಕಾಲೇಜು ಈ ವ್ಯವಸ್ಥೆಗೆ ಸೇರಿದುದಾಗಿದ್ದಿತು. ಆದರೆ ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ‘ತಕ್ಮಿಲೀ ಎಹ್ಸಾ’ ಎಂಬ ಪದವು ಇಂಗ್ಲಿಷಿನ ಪದದಷ್ಟೇ ದೂರವಾಗಿದ್ದಿತು. ದೇಶಭಾಷೆಯೆಂಬುದು ಅವನ ಭಾಷೆಯಾಗಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾದ ಬಳಿಕ ಉಸ್ಮಾನಿಯಾದಲ್ಲಿ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ್, ರಾಯಚೂರು ಪ್ರದೇಶಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬಂದವು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯೂ ಅದರ ಎಂಜಿನಿಯರಿಂಗ್ ಕಾಲೇಜೂ ಸ್ಥಾಪನೆಗೊಂಡುದರಿಂದ ಕಲನಶಾಸ್ತ್ರವನ್ನು ಕಲಿಯುವವರ ಸಂಖ್ಯೆ ಬೆಳೆಯಲು ದಾರಿಯಾಯಿತು. 1970ರಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರವೊಂದು ಇಲ್ಲಿ ತೆರೆಯಿತು. 1980ರಲ್ಲಿ ಅದು ಗುಲ್ಬರ್ಗ ವಿಶ್ವವಿದ್ಯಾನಿಲಯವಾಗಿ ಸ್ವತಂತ್ರವಾಯಿತು.

ಹೀಗೆ ಸುಮಾರು ಅರವತ್ತು ವರ್ಷಗಳ ಅವಧಿಯಲ್ಲಿ ಇದೇ ಊರಿನ ವಿದ್ಯಾರ್ಥಿಗಳು ಮೂರು ವಿಶ್ವವಿದ್ಯಾನಿಲಯಗಳ ಪಾಠಪಟ್ಟಿಗಳನ್ನು ಕಂಡರು. ಬೋಧನೆಯ ಭಾಷೆ ಉರ್ದುವಿನಿಂದ ಇಂಗ್ಲಿಷಿಗೆ ಹೊರಳಿತು. ರಾಜ್ಯ ಬದಲಾಯಿತು, ಲಿಪಿ ಬದಲಾಯಿತು. ಊರಿನ ಹೆಸರೂ 2014ರಲ್ಲಿ ಅಧಿಕೃತವಾಗಿ ಕಲಬುರಗಿಯಾಯಿತು. ಆದರೆ ‘ಮೊದಲು ವಿಲೋಮಕ್ರಿಯೆ, ಬಳಿಕ ಮೊತ್ತ’ ಎಂಬ ಕ್ರಮ ಮಾತ್ರ ಬಲವಾಗಿಯೇ ನಿಂತಿದೆ.

4. ಈಚಿನ ವಿನ್ಯಾಸ

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಗುಣವಾಗಿ ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಒಂದು ಮಾದರಿ ಪಠ್ಯಕ್ರಮವನ್ನು ರೂಪಿಸಿತು. ಅದರಲ್ಲಿ ಗಣಿತದ ಪ್ರತಿ ಪತ್ರಿಕೆಗೂ ಬೋಧನೆಗೆ 4, ಪ್ರಾಯೋಗಿಕಕ್ಕೆ 2 ಕ್ರೆಡಿಟ್‌ಗಳನ್ನು ಇರಿಸಿ, ಪ್ರಾಯೋಗಿಕದಲ್ಲಿ ಉಚಿತ ಗಣಕ ತಂತ್ರಾಂಶಗಳ ಬಳಕೆಗೆ ಅವಕಾಶ ಮಾಡಲಾಗಿದ್ದಿತು. ಮೊದಲ ಸೆಮಿಸ್ಟರಿನಲ್ಲಿ ಅವಕಲನ. ಎರಡನೆಯದರಲ್ಲಿ ನಿಶ್ಚಿತ ಅನುಕಲಗಳ ಪುನರವಲೋಕನ, ಅದರ ಬೆನ್ನಿಗೇ ರೇಖಾನುಕಲ, ದ್ವಿಗುಣ ಮತ್ತು ತ್ರಿಗುಣ ಅನುಕಲಗಳು. ರೀಮಾನ್ ಅನುಕಲನವು ಮೂರನೆಯ ವರ್ಷದ ವಾಸ್ತವ ವಿಶ್ಲೇಷಣೆಗೆ ಸೇರಿದ್ದಿತು. 2024ರಲ್ಲಿ ರಾಜ್ಯವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆದರೂ ಆ ಮಾದರಿಯಲ್ಲಿ ಕಾಣುವ ತರ್ಕ ಅದೊಂದಕ್ಕೇ ಸೀಮಿತವಾದುದಲ್ಲವಾದುದರಿಂದ ಅದನ್ನು ನಿದರ್ಶನವಾಗಿ ತೆಗೆದುಕೊಂಡಿದ್ದೇವೆ.

ಈ ಕ್ರಮದಲ್ಲಿ ವಿದ್ಯಾರ್ಥಿಯು ಮೊದಲನೆಯ ವರ್ಷದಲ್ಲಿ ಘನಫಲಕ್ಕಾಗಿ ತ್ರಿಗುಣ ಅನುಕಲವನ್ನು ಬಿಡಿಸುತ್ತಾನೆ. ಅನುಕಲವೆಂದರೇನೆಂಬುದನ್ನು ಮೂರನೆಯ ವರ್ಷದಲ್ಲಿ ತಿಳಿಯುತ್ತಾನೆ. ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಭೌತಶಾಸ್ತ್ರದ ಪಾಠಗಳಿಗೆ ಅನುಕಲನ ಬೇಗ ಬೇಕು. ಕಟ್ಟುನಿಟ್ಟಾದ ನಿರೂಪಣೆಗೆ ಪ್ರೌಢಿಮೆ ಬೇಕು. ಮೊತ್ತದ ಸ್ಥೂಲವಾದ ಕಲ್ಪನೆಯು ಪಿ.ಯು.ಸಿ.ಯಲ್ಲಿಯೇ ದೊರೆತಿರುವುದೆಂಬ ನಂಬಿಕೆಯ ಮೇಲೆ ಈ ‘ಪುನರವಲೋಕನ’ ನಿಂತಿದೆ.

ಈ ನಂಬಿಕೆ ಈಗ ದುರ್ಬಲವಾಗಿದೆ. ಕರ್ನಾಟಕದ ಪಿ.ಯು. ಗಣಿತವು ಅನುಸರಿಸುವ ಎನ್.ಸಿ.ಇ.ಆರ್.ಟಿ. ಪಠ್ಯದಲ್ಲಿ ಅನುಕಲನದ ಅಧ್ಯಾಯವು ವಿಲೋಮಕ್ರಿಯೆಯಿಂದ ಆರಂಭವಾಗಿ, ಬಳಿಕ ‘ಮೊತ್ತದ ಮಿತಿಯಾಗಿ ನಿಶ್ಚಿತ ಅನುಕಲ’ ಎಂಬ ಭಾಗಕ್ಕೆ ಬರುತ್ತಿದ್ದಿತು. 2022ರಲ್ಲಿ ಪಠ್ಯದ ಹೊರೆಯನ್ನು ಇಳಿಸುವಾಗ ಆ ಸಂಸ್ಥೆಯು ಈ ಭಾಗವನ್ನೇ ಕೈಬಿಟ್ಟಿತು. ಹತ್ತನೆಯ ತರಗತಿಯ ಪುಸ್ತಕದಲ್ಲಿದ್ದ ಶಂಕುವಿನ ಭಿನ್ನಕದ ಪಾಠವೂ ಅದೇ ಪರಿಷ್ಕರಣೆಯಲ್ಲಿ ಹೋಯಿತು. ಪರಿಣಾಮವಾಗಿ ಹಿಂದೆಂದೂ ನೋಡದುದನ್ನು ‘ಪುನಃ ನೋಡುವ’ ಪ್ರಸಂಗ ವಿದ್ಯಾರ್ಥಿಗೆ ಒದಗಿದೆ.

5. ಮಳಖೇಡದ ಕಾಲದ ಒಂದು ಸೂತ್ರ

ಮೊತ್ತದ ಮಾರ್ಗವು ಕಠಿನವೆಂಬ ಮಾತನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಇದರ ಖಾತವ್ಯವಹಾರ ಎಂಬ ಪ್ರಕರಣವು ನೆಲದಲ್ಲಿ ಅಗೆದ ಕುಳಿಗಳ ಘನಫಲವನ್ನು ಕುರಿತದ್ದು.

ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಹೊಂಡಕ್ಕೆ ಅಲ್ಲಿ ಎರಡು ಸ್ಥೂಲಫಲಗಳನ್ನು ಹೇಳಿದೆ. ಮೇಲಿನ ಮತ್ತು ಕೆಳಗಿನ ಅಳತೆಗಳ ಸರಾಸರಿಯಿಂದ ಬರುವುದು ಕರ್ಮಾಂತಿಕ; ಮೇಲಿನ ಮತ್ತು ಕೆಳಗಿನ ಕ್ಷೇತ್ರಫಲಗಳ ಸರಾಸರಿಯಿಂದ ಬರುವುದು ಔಂಡ್ರ. ಇವೆರಡರ ವ್ಯತ್ಯಾಸದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ ದೊರೆಯುವುದು. ಇಂತಹುದೇ ನಿಯಮವು ಇದಕ್ಕೂ ಹಿಂದೆ, 628ರ ಬ್ರಹ್ಮಗುಪ್ತನ ಗ್ರಂಥದಲ್ಲಿಯೂ ಇದೆ.

ಒಂದು ಚೌಕಾಕಾರದ ಹೊಂಡವನ್ನು ಊಹಿಸೋಣ: ಮೇಲಿನ ಬಾಹು 10 ಮೀಟರ್, ತಳದ ಬಾಹು 4 ಮೀಟರ್, ಆಳ 6 ಮೀಟರ್. ಬಾಹುಗಳ ಸರಾಸರಿ 7. ಅದರ ವರ್ಗ 49ನ್ನು 6ರಿಂದ ಗುಣಿಸಿದರೆ ಕರ್ಮಾಂತಿಕ 294 ಘನಮೀಟರ್. ಕ್ಷೇತ್ರಫಲಗಳಾದ 100 ಮತ್ತು 16ರ ಸರಾಸರಿ 58. ಅದನ್ನು 6ರಿಂದ ಗುಣಿಸಿದರೆ ಔಂಡ್ರ 348. ವ್ಯತ್ಯಾಸ 54, ಅದರ ಮೂರನೆಯ ಒಂದು ಭಾಗ 18. ಆದುದರಿಂದ ಸೂಕ್ಷ್ಮಫಲ 312 ಘನಮೀಟರ್.

ಇದೇ ಹೊಂಡವನ್ನು ಒಂದೊಂದು ಮೀಟರ್ ದಪ್ಪದ ಆರು ಪದರಗಳಾಗಿ ಸೀಳೋಣ. ಪ್ರತಿ ಪದರಕ್ಕೂ ಅದರ ಮೇಲ್ಬಾಹುವನ್ನು ಹಿಡಿದರೆ ಮೊತ್ತ 355. ಕೆಳಬಾಹುವನ್ನು ಹಿಡಿದರೆ 271. ನಿಜವಾದ ಫಲ ಇವೆರಡರ ನಡುವೆ ಇದೆ. ಅರ್ಧ ಮೀಟರಿನ ಹನ್ನೆರಡು ಪದರಗಳನ್ನು ಮಾಡಿದರೆ ಮೊತ್ತಗಳು 333.25 ಮತ್ತು 291.25 ಆಗುತ್ತವೆ, ನಡುವಣ ಅಂತರ 84ರಿಂದ 42ಕ್ಕೆ ಇಳಿಯುತ್ತದೆ. ಪದರಗಳ ಸಂಖ್ಯೆ ಇಮ್ಮಡಿಯಾದಂತೆಲ್ಲ ಅಂತರ ಅರ್ಧವಾಗುತ್ತ, ಎರಡು ಮೊತ್ತಗಳೂ 312ನ್ನೇ ಸಮೀಪಿಸುತ್ತವೆ. ಅನುಕಲನ ವಿಧಾನದಿಂದ ಬರುವ ಉತ್ತರವೂ 312.

ಮಹಾವೀರಾಚಾರ್ಯನಿಗೆ ಅನುಕಲನ ತಿಳಿದಿದ್ದಿತೆಂದು ಇದರಿಂದ ಹೇಳಲಾಗದು. ಮಿತಿಯ ಕಲ್ಪನೆ ಆ ಸೂತ್ರದಲ್ಲಿಲ್ಲ. ಪೂರ್ವಜರ ಹಿರಿಮೆಗಾಗಿ ಇಲ್ಲದುದನ್ನು ಆರೋಪಿಸುವುದು ಇತಿಹಾಸಕಾರನ ಧರ್ಮವಲ್ಲ. ಸೀಳಿ ಕೂಡಿಸುವ ವಿಚಾರವು ಅವನ ನಂತರದ ಭಾರತೀಯ ಗಣಿತದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನು ಗೋಲದ ಮೇಲ್ಮೈಯನ್ನು ಪಟ್ಟಿಗಳಾಗಿ ವಿಭಾಗಿಸಿ ಕೂಡಿಸಿದನು. ಸುಮಾರು 1530ರಲ್ಲಿ ಜ್ಯೇಷ್ಠದೇವನು ಘಾತಗಳ ಮೊತ್ತವು ಯಾವ ಬೆಲೆಯನ್ನು ಸಮೀಪಿಸುವುದೆಂಬುದನ್ನು ತನ್ನ ‘ಯುಕ್ತಿಭಾಷಾ’ದಲ್ಲಿ ಉಪಪತ್ತಿಸಹಿತ ವಿವರಿಸಿದನು. ಆ ಗ್ರಂಥ ಸಂಸ್ಕೃತದಲ್ಲಿಲ್ಲ, ಮಲಯಾಳದ ಗದ್ಯದಲ್ಲಿದೆ ಎಂಬುದು ನಮ್ಮ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದೆ. ಕನ್ನಡದಲ್ಲಿಯೂ ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದಿದ್ದನು.

6. ಕಮಲಾಪುರದ ವಿದ್ಯಾರ್ಥಿ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರವು ತನ್ನ ಕೆಂಪು ಬಾಳೆಗೆ ಹೆಸರಾದ ಊರು. ಆ ಬಾಳೆಗೆ ಜಿ.ಐ. ಮಾನ್ಯತೆಯೂ ದೊರೆತಿದೆ. ಈಚಿನ ವರ್ಷಗಳಲ್ಲಿ ಅದು ತಾಲ್ಲೂಕು ಕೇಂದ್ರವೂ ಆಗಿದೆ. ಅಂತಹ ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನವನ್ನು ಆರಿಸಿಕೊಂಡು ನಗರಕ್ಕೆ ಬರುವ ವಿದ್ಯಾರ್ಥಿಯನ್ನು ಮನಸ್ಸಿಗೆ ತಂದುಕೊಳ್ಳೋಣ. ಅವನಿಗೆ ಭಾಷೆಯೂ ವಿಷಯವೂ ಒಮ್ಮೆಗೇ ಹೊಸದಾಗುತ್ತವೆ. ಪದದ ಅರ್ಥ ಒದಗದಿದ್ದಾಗ ಅವನು ಸೂತ್ರವನ್ನು ಕಂಠಪಾಠ ಮಾಡುತ್ತಾನೆ. ವಿಲೋಮಕ್ರಮವು ಇದಕ್ಕೆ ತಡೆಯೊಡ್ಡುವುದಿಲ್ಲ. ಬದಲಾಗಿ ಅಂಕಗಳನ್ನಿತ್ತು ಪ್ರೋತ್ಸಾಹಿಸುತ್ತದೆ. ಉತ್ತೀರ್ಣನಾದರೂ, ಹೊಂಡದ ಮಣ್ಣಿಗೂ ತಾನು ಬಿಡಿಸಿದ ಅನುಕಲಕ್ಕೂ ಇರುವ ನಂಟು ಅವನಿಗೆ ಹೊಳೆಯದೆ ಹೋಗಬಹುದು. ಇಂತಹ ವಿದ್ಯಾರ್ಥಿಯೇ ನಾಳೆ ತನ್ನ ಊರಿನ ಶಾಲೆಗೆ ಅಧ್ಯಾಪಕನಾಗಿ ಮರಳುವನೆಂಬುದನ್ನು ನೆನೆದರೆ ವಿಷಯದ ಗುರುತ್ವ ತಿಳಿಯುವುದು.

ಆದರೆ ಸೀಳಿ ಕೂಡಿಸುವ ಕ್ರಿಯೆ ಅವನಿಗೆ ಅಪರಿಚಿತವಲ್ಲ. ಎರಡು ತುದಿಗಳಲ್ಲಿ ಕಿರಿದಾಗಿ ನಡುವೆ ದಪ್ಪವಾದ ಬಾಳೆಹಣ್ಣನ್ನು ಬಿಲ್ಲೆಗಳಾಗಿ ಕತ್ತರಿಸಿ, ಪ್ರತಿ ಬಿಲ್ಲೆಯ ವ್ಯಾಸವನ್ನೂ ದಪ್ಪವನ್ನೂ ಅಳೆದು ಕೂಡಿಸುವುದು, ಆ ಮೊತ್ತವನ್ನು ಇಡೀ ಹಣ್ಣು ಪಾತ್ರೆಯಿಂದ ಹೊರಚೆಲ್ಲಿದ ನೀರಿನೊಡನೆ ಹೋಲಿಸುವುದು ಒಂದು ತರಗತಿಯ ಅವಧಿಯಲ್ಲಿ ಮುಗಿಯುವ ಕೆಲಸ. ಬಿಲ್ಲೆಗಳು ತೆಳುವಾದಷ್ಟೂ ಲೆಕ್ಕ ಹತ್ತಿರವಾಗುವುದನ್ನು ಅವನು ಕಣ್ಣಾರೆ ಕಾಣಬಲ್ಲನು.

ಆದುದರಿಂದ ಮೊದಲನೆಯ ವರ್ಷದ ಅನುಕಲನ ಪಾಠವನ್ನು ನಾಲ್ಕು ಮೆಟ್ಟಿಲುಗಳಲ್ಲಿ ಜೋಡಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಮೊದಲು, ಹೊಂಡ ಮತ್ತು ಬಿಲ್ಲೆಗಳ ಮೊತ್ತಗಳು. ಇವುಗಳನ್ನು ಪ್ರಾಯೋಗಿಕದ ಅವಧಿಯಲ್ಲಿ ಗಣಕಯಂತ್ರದ ಸಹಾಯದಿಂದ ಸಾವಿರ ಪದರಗಳವರೆಗೆ ಮುಂದುವರಿಸಬಹುದು. ಎರಡನೆಯದಾಗಿ, ವರ್ಗಗಳ ಮೊತ್ತದ ಸೂತ್ರದಿಂದ ಮಿತಿಯನ್ನು ಪಡೆಯುವುದು. ಮೂರನೆಯದಾಗಿ, ಮೂಲಭೂತ ಪ್ರಮೇಯ. ಅದಾದ ಮೇಲೆ ಮಾತ್ರ ಆದೇಶ ವಿಧಾನವೇ ಮೊದಲಾದ ಕೌಶಲಗಳು. ರೀಮಾನನ ಕಟ್ಟುನಿಟ್ಟಾದ ಸಿದ್ಧಾಂತ ಮೂರನೆಯ ವರ್ಷದಲ್ಲಿಯೇ ಉಳಿಯಲಿ. ಆದರೆ ಆಗ ಅದು ಪರಿಚಿತ ಕಲ್ಪನೆಯ ಪರಿಷ್ಕಾರವಾಗಿ ಬರುವುದು. ಇದಕ್ಕೆ ಹೆಚ್ಚೆಂದರೆ ಎರಡು ಮೂರು ವಾರಗಳ ಬೋಧನೆ ಬೇಕಾದೀತು. ಘಾತವನ್ನಿಳಿಸುವ ಸೂತ್ರಗಳ ಅಭ್ಯಾಸವನ್ನು ಸ್ವಲ್ಪ ಕಡಿಮೆ ಮಾಡಿದರೆ ಆ ಸಮಯ ದೊರೆಯುವುದು. ಪ್ರಶ್ನೆಪತ್ರಿಕೆಯಲ್ಲಿ ಮೊತ್ತವನ್ನು ಕುರಿತ ಒಂದು ಕಡ್ಡಾಯ ಪ್ರಶ್ನೆ ಇರದಿದ್ದರೆ ಈ ಮಾರ್ಪಾಡು ಕಾಗದದಲ್ಲಿಯೇ ಉಳಿಯುವುದೆಂಬುದನ್ನೂ ಹೇಳಬೇಕಾಗಿದೆ.

ಉಸ್ಮಾನಿಯಾದ ಅನುವಾದಕರು ಭಾಷೆಯನ್ನು ಬದಲಾಯಿಸಿದರು. ಆ ಮೇಲಿನವರು ಪತ್ರಿಕೆಗಳನ್ನೂ ಸೆಮಿಸ್ಟರುಗಳನ್ನೂ ಬದಲಾಯಿಸಿದರು. ಕಲಿಯುವವನು ಯಾವ ಅರ್ಥದಿಂದ ಆರಂಭಿಸಬೇಕೆಂಬ ಪ್ರಶ್ನೆಯನ್ನು ಕೋಶಿಯು ತನ್ನ ವಿದ್ಯಾರ್ಥಿಗಳಿಗಾಗಿ 1823ರಲ್ಲಿ ಕೇಳಿಕೊಂಡನು. ಅದನ್ನು ನಮ್ಮ ವಿದ್ಯಾರ್ಥಿಗಳಿಗಾಗಿ ಕೇಳಿಕೊಳ್ಳುವ ಹೊಣೆ ಈ ಸೀಮೆಯ ಅಧ್ಯಾಪಕರಾದ ನಮ್ಮೆಲ್ಲರ ಮೇಲಿದೆ.